ವರ್ಷತೊಡಕಿನ ದಿನ (ಯುಗಾದಿ ಮಾರನೇ ದಿನ) ಊಟಕ್ಕೆ ಕರೆದ್ರೆ ಬೇಡ ಅಂದಿದ್ದು ತಪ್ಪಾ?

ಹುಬ್ಳಿಯಾಂವ: ನಾ ಕೆಲ್ಸಕ್ಕ ತುಮಕೂರಾಗ ಇರೋದ್ರಿ. 2024ರಾಗ ಯುಗಾದಿ ಏಪ್ರಿಲ್ 9 ಮಂಗಳವಾರ ಬಂದಿತ್ತಲ್ಲ, ಮರುದಿನ ರಜಾ ಹಾಕಿ ಮಧುಗಿರಿ ಬೆಟ್ಟ ಹತ್ತಾಕ ಹೊಂಟಿದ್ದೆ. ದಾರ್ಯಾಗ ಒಂದ್ ಹಳ್ಳಿಯಾಗ ಟಾರ್ಪಾಲ್ ಹಾಸಿ ಮಟನ್ ಗುಡ್ಡಿ ಗುಡ್ಡಿ ಇಟ್ಟಿದ್ರು, ಫೋಟೋ ಹೊಡದೆ, ಒಬ್ಬಾಂವ ಬೈದ. ವಾಪಸ್ ಬರೂಮುಂದ ಅದ ಊರಾಗ ನೀರ್ ಕೇಳಿದ್ರ ಅಜ್ಜಿ ಉಣ್ಣಾಕ ಕರದ್ರು, ನಾ ನಾನ್‌ವೆಜ್ ತಿನ್ನಂಗಿಲ್ಲ, ಬ್ಯಾಡ್ರಿ ಅಂದು ಹೊಂಟಬಿಟ್ಟೆ. ಅಜ್ಜಿ ಮುಖ ಸಣ್ಣ ಮಾಡ್ಕೊಂಡ್ರು. ಹಬ್ಬ ನಿನ್ನೇನ ಮುಗದಿತ್ತಲ್ರಿ?

ಕಲ್ಪತರು ಹೈದ: ಗುರು ನಮ್ ಕಡೆ ಹಬ್ಬ ಅವತ್ತೇ ಶುರು 😀 ಯುಗಾದಿ ದಿನ ಬೇವು ಬೆಲ್ಲ ಒಬ್ಬಟ್ಟು, ಸಂಜೆ ಚಂದ್ರನ್ ನೋಡಿ ದೊಡ್ಡೋರ ಕಾಲಿಗೆ ಬೀಳೋದು, ಮಾರನೇ ದಿನ ಬಾಡೂಟ. ಆ ಗುಡ್ಡೆ ಇದ್ಯಲ್ಲ ಅದು ಅಂಗಡಿ ಅಲ್ಲ, ವರ್ಷಪೂರ್ತಿ ಚೀಟಿ ಕಟ್ಟಿ ಆ ದುಡ್ಡಲ್ಲಿ ಕುರಿ ತಂದು ಮೂಳೆ, ಲಿವರ್ರು, ಎಲ್ಲಾ ಎಲ್ಲರಿಗೂ ಸಮ ಬರೋ ಹಂಗೆ ಪಾಲು ಹಾಕಿರ್ತಾರೆ. ಫೋಟೋಗೆ ಬೈದಿದ್ದು ಯಾಕೆ ಅಂದ್ರೆ ಹಳಬರು ದೃಷ್ಟಿ ಅಂತಾರೆ, ಹುಡುಗ್ರಿಗೆ ಭಯ ಬೇರೆ, ಹಿಂದ್ಗಡೆ ಇಸ್ಪೀಟ್ ಆಡ್ತಾ ಕೂತಿರೋರು ಫ್ರೇಮಲ್ಲಿ ಬಿದ್ದಿರ್ತಾರೆ.

ನಂದಿ ತಪ್ಪಲು: ಎಲ್ಲಾ ತಪ್ಪು ಬಂದೋರ ತಲೆಗೇ ಕಟ್ಬೇಡ್ರಪ್ಪ. ಸರ್ಕಾರಿ ರಜಾ ಪಟ್ಟೀಲಿ ಇಲ್ದೆ ಇರೋ ಹಬ್ಬ ಹುಬ್ಳಿಯೋರಿಗೆ ಹೆಂಗ್ ಗೊತ್ತಾಗುತ್ತೆ? ತಿನ್ನಲ್ಲ ಅಂದೋರಿಗೆ ಬಲವಂತ ಮಾಡೋದೂ ಮರ್ಯಾದೆ ಅಲ್ಲ.

ಕಲ್ಪತರು ಹೈದ: ಅಜ್ಜಿ ಎಲ್ಲಿ ಬಲವಂತ ಮಾಡಿದ್ರು, ಬರೀ ಕರೆದ್ರು ಅಷ್ಟೇ. ಮತ್ತೆ ಪಟ್ಟಿ ನೋಡ್ಕೊಂಡ್ ಹೊರಟ್ರೂ ಪ್ರಯೋಜನ ಇಲ್ಲ. 2025ರಲ್ಲಿ ಯುಗಾದಿ ಮಾರ್ಚ್ 30 ಭಾನುವಾರ, ಸೋಮವಾರ ರಂಜಾನ್ ರಜಾ ಇತ್ತು, ಆದ್ರೆ ಸೋಮವಾರ ಬಾಡು ಮುಟ್ಟದ ಮನೆಗಳು ಮಂಗಳವಾರಕ್ಕೆ ಇಟ್ಕೊಂಡ್ವು. ಟೀ ಅಂಗಡಿಯೋರನ್ನ ಕೇಳಿದ್ರೆ ಒಂದ್ ನಿಮಿಷದಲ್ಲಿ ಹೇಳ್ತಾರೆ.

ಕೋಲಾರದಕ್ಕ: ತಮ್ಮ, ನೀನು ಮಾಂಸ ತಿನ್ನಲಿಲ್ಲ ಅಂತ ಅಜ್ಜಿಗೆ ಬೇಜಾರಿಲ್ಲ ಬಿಡು, ನಮ್ಮನೇಲೂ ತಿನ್ನದೋರು ಇದಾರೆ. ಹೊಸಿಲ ಹತ್ರ ಬಂದು ಏನೂ ಬಾಯಿಗೆ ಹಾಕ್ಕೊಳ್ದೆ ಹೋದ್ಯಲ್ಲ ಅದಕ್ಕೆ. ಒಂದ್ ಲೋಟ ಮಜ್ಜಿಗೆ ಕುಡಿದು "ಹೋಗ್ಬರ್ತೀನಿ ಅಜ್ಜಿ" ಅಂದಿದ್ರೆ ಸಾಕಿತ್ತು, ಹೋಗ್ತೀನಿ ಅಂತ ಮಾತ್ರ ಅನ್ಬೇಡ. ಇನ್ನೂ ಜಾಣ ಆಗಿದ್ರೆ "ನಿನ್ನೆ ಒಬ್ಬಟ್ಟಿನ ಸಾರು ಉಳಿದಿದ್ಯಾ" ಅಂತ ಕೇಳ್ತಿದ್ದೆ. ಮಾರನೇ ದಿನ ಕುದಿಸಿ ಕುದಿಸಿ ಗಟ್ಟಿಯಾಗಿರುತ್ತೆ, ಮುದ್ದೆ ಮುರಿದು ಅದ್ದಿಕೊಂಡ್ರೆ ಮಟನ್ ಸಾರಿನ ಕಡೆ ತಿರುಗಿ ನೋಡಲ್ಲ.

ನಂದಿ ತಪ್ಪಲು: ಅಕ್ಕ ಅದೊಂದು ಒಪ್ಪಲ್ಲ, ಮಟನ್ ಸಾರು ಮಟನ್ ಸಾರೇ.

ಹುಬ್ಳಿಯಾಂವ: ಒಬ್ಬಟ್ಟಿನ ಸಾರು ಅಂದ್ರ ನಮ್ಮ ಕಟ್ಟಿನ ಸಾರ ಹೌದಲ್ರಿ ಅಕ್ಕಾರ? ಅಯ್ಯೋ, ಅಡಗಿಮನ್ಯಾಗಿಂದ ಅದ ವಾಸನಿ ಬರ್ತಿತ್ತು.