‘ದಡಾರ’ಕ್ಕೆ ಹಟ್ಟಿಯಲ್ಲಿ ಏನಂತಾರೆ?

ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿ, ತಾಂಡಾಗಳಿಗೆ ಹಂಚುವ ಲಸಿಕೆ ಕರಪತ್ರವೊಂದನ್ನು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ: ‘ದಡಾರ-ರುಬೆಲ್ಲಾ ತಡೆಗಟ್ಟಿ.’ ದಡಾರ ಅಂದರೆ ಮೀಸಲ್ಸ್. 2017ರ ಫೆಬ್ರುವರಿಯಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಚುಚ್ಚಿದರಲ್ಲ, ಆಗ ಈ ಜೋಡಿಪದ ಶಾಲೆ ಗೋಡೆಗಳಿಗೆಲ್ಲ ಬಂತು. ಮನೆಮಾತಿಗೆ ಬರಲಿಲ್ಲ.

ಮೊನ್ನೆ ಆಶಾ ಕಾರ್ಯಕರ್ತೆಯ ಜೊತೆ ಒಂದು ಹಟ್ಟಿಗೆ ಹೋಗಿದ್ದೆ. ‘ಅಜ್ಜಿ, ಮಗೀಗೆ ದಡಾರ ಬಂದಿತ್ತಾ?’ ‘ಇಲ್ಲವ್ವ.’ ಬಾಗಿಲಲ್ಲಿ ಒಣಗಿದ ಬೇವಿನ ಸೊಪ್ಪು ಇನ್ನೂ ನೇತಾಡ್ತಿತ್ತು. ‘ಅಮ್ಮ ಏನಾದ್ರೂ ಆಗಿತ್ತಾ?’ ಅಂದೆ. ‘ಹೂಂ ಕಣಪ್ಪ, ಸಣ್ಣದು, ರಾಗಿ ಚೆಲ್ಲಿದಂಗೆ ಎದ್ದಿತ್ತು. ಕಣ್ಣೆಲ್ಲ ಕೆಂಪಗೆ, ಒಂದೇ ಸಮ ಕೆಮ್ಮು. ನೀರು ಹಾಕಿ ಇಳಿಸಿದ್ವಿ. ಗೌರಸಮುದ್ರದ ಮಾರಮ್ಮಂಗೆ ಹರಕೆ ಐತೆ.’ ಜ್ವರದ ಜೊತೆ ದದ್ದು, ಕೆಮ್ಮು, ಕೆಂಗಣ್ಣು ಬಂದರೆ ಮೊದಲು ದಡಾರವನ್ನೇ ಅನುಮಾನಿಸಬೇಕು. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಮಾತ್ರ ಆಗಲೇ ‘ಇಲ್ಲ’ ಅಂತ ಬರೆದಾಗಿತ್ತು.

ಹಾಗಾದರೆ ‘ಅಮ್ಮ’ ಅಂತಲೇ ಹಾಕೋಣ ಅಂದೆ. ಪರಿಚಯದ ಡಾಕ್ಟರೊಬ್ಬರು ಒಪ್ಪಲಿಲ್ಲ. ಸೀತಾಳೆ ಸಿಡುಬೂ ಅಮ್ಮನೇ, ಅದಕ್ಕೆ ಸರ್ಕಾರಿ ಪಟ್ಟಿಯಲ್ಲಿ ಲಸಿಕೆಯೇ ಇಲ್ಲ; ನಾಳೆ ನೀರುಗುಳ್ಳೆ ಎದ್ದರೆ ‘ಸೂಜಿ ಹಾಕಿಸಿದ್ರೂ ಅಮ್ಮ ಬಂತಲ್ಲ’ ಅಂತಾರೆ, ಆಮೇಲೆ ಯಾರೂ ತೋಳು ಕೊಡಲ್ಲ ಅನ್ನೋದು ಅವರ ವಾದ. ಸರಿಯೇ. ನನಗೆ ಅದಕ್ಕಿಂತ ತೊಡಕು ಕಂಡದ್ದು ಕ್ರಿಯಾಪದ. ಅಮ್ಮ ಬರ್ತಾಳೆ, ಆಗ್ತಾಳೆ, ಇಳೀತಾಳೆ. ಅವಳನ್ನು ‘ತಡೆಗಟ್ಟಿ’ ಅಂತ ಯಾವ ಬಾಯಲ್ಲಿ ಹೇಳೋದು? ದಾವಣಗೆರೆಯಲ್ಲಿ ಕೂತು ದುಗ್ಗಮ್ಮನಿಗೆ ಕೈ ಮುಗಿಯುವ ನನಗೇ ಆ ಸಾಲು ಓದಿದರೆ ನಾಲಿಗೆ ತಡವರಿಸುತ್ತೆ.

ಮೊಳಕಾಲ್ಮುರು ಕಡೆ ತೆಲುಗು ಮನೆಮಾತಿನ ಮ್ಯಾಸಬೇಡರಿದ್ದಾರೆ. ತೆಲುಗಿನಲ್ಲಿ ದಡಾರಕ್ಕೆ ‘ತಟ್ಟು’ ಅಂತ ಬೇರೆಯದೇ ಹೆಸರಿದೆ. ಧಾರವಾಡದ ಕಡೆ ‘ಗೊಬ್ಬರ’ ಅಂತಾರೆ. ಅದಕ್ಕೂ ತಿಪ್ಪೆಗೂ ಸಂಬಂಧವಿಲ್ಲ, ಮರಾಠಿಯ ‘ಗೋವರ’ ಇರಬೇಕು ಅಂತ ನನ್ನ ಊಹೆ. ನಮ್ಮ ‘ಮೈಲಿ’ ದೊಡ್ಡ ಸಿಡುಬಿನದು, ರೋಗದ ಜೊತೆಗೇ ಆ ಮಾತೂ ಹೋಯಿತು.

ಸದ್ಯಕ್ಕೆ ಅಜ್ಜಿಯ ‘ಸಣ್ಣದು’ ಹಿಡಿದು ‘ಸಣ್ಣಮ್ಮ’ ಅಂತ ಗೀಚಿದ್ದೇನೆ. ಕಂಪೋಸ್ ಮಾಡುವ ಹುಡುಗ ‘ಯಾರ ಚಿಕ್ಕಮ್ಮ ಸಾರ್?’ ಅಂತ ಕೇಳಿದ.

ನಿಮ್ಮ ಕಡೆ ದಡಾರ, ಸೀತಾಳೆ ಸಿಡುಬು ಈ ಎರಡು ಅಮ್ಮಂದಿರನ್ನು ಬೇರೆ ಬೇರೆ ಹೆಸರಿಂದ ಕರೀತಾರಾ? ಜಗಳೂರು, ಹಿರಿಯೂರು ಕಡೆಯ ಲಂಬಾಣಿ ಮಾತು ಬಲ್ಲವರು ತಾಂಡಾದ ಪದವನ್ನೂ ದಯವಿಟ್ಟು ತಿಳಿಸಿ. ಕಾಫಿ ತೋಟಕ್ಕೆ ಗುಳೆ ಹೋಗುವ ಮನೆಗಳಲ್ಲಿ 16ರಿಂದ 24 ತಿಂಗಳ ನಡುವಿನ ಎರಡನೇ ಸೂಜಿಯೇ ತಪ್ಪೋದು; ಅವರು ಹೊರಡುವುದರೊಳಗೆ ಕರಪತ್ರ ಅಚ್ಚಾಗಬೇಕು.