ಪಡಿತರ ಅಕ್ಕಿ, ಗೃಹಲಕ್ಷ್ಮಿ ಹಣ ಮತ್ತು ಮಗುವಿನ ಎತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರ್. ನಮ್ಮ ಮನೆಗೆ ಪಡಿತರ ಅಕ್ಕಿ ತಪ್ಪದೆ ಬರುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿಯೂ ನನ್ನ ಖಾತೆಗೆ ಜಮೆಯಾಗುತ್ತದೆ. ಒಂದೂವರೆ ವರ್ಷದ ಮಗಳು ಅನ್ನ, ತಿಳಿಸಾರು ಹೊಟ್ಟೆತುಂಬ ಉಣ್ಣುತ್ತಾಳೆ. ಆದರೂ ಅವಳು ವಯಸ್ಸಿಗೆ ತಕ್ಕಷ್ಟು ಎತ್ತರವಿಲ್ಲವೆಂದು ಅಂಗನವಾಡಿ ಕಾರ್ಯಕರ್ತೆ ಹೇಳಿದ್ದಾರೆ. ಉಣ್ಣಲು ಕೊರತೆಯಿಲ್ಲದಿರುವಾಗ ಹೀಗೇಕೆ?

ಉತ್ತರ: ನಮಸ್ಕಾರ ಅಮ್ಮ. ಹಸಿವು ತಣಿಸಲು ಅನ್ನ ಸಾಕು, ಆದರೆ ಎಲುಬು ಮತ್ತು ಮಿದುಳು ಬೆಳೆಯಲು ಸಾಲದು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 36.2ರಷ್ಟು ಮಂದಿಯ ಎತ್ತರ ಕುಂಠಿತವಾಗಿತ್ತು. 2019–21ರಲ್ಲಿಯೂ ಅದು ಶೇ. 35.4ಕ್ಕಷ್ಟೇ ಇಳಿಯಿತು. ಆ ವರ್ಷಗಳಲ್ಲೆಲ್ಲ ಅನ್ನಭಾಗ್ಯದ ಅಕ್ಕಿ ಬಡ ಕುಟುಂಬಗಳಿಗೆ ಸಿಗುತ್ತಿತ್ತು.

ಬಾಂಗ್ಲಾದೇಶದ ಹಳ್ಳಿಗಳಲ್ಲಿ 2012ರಿಂದ 2014ರವರೆಗೆ ನಡೆದ ಪ್ರಯೋಗವೊಂದು ಇದಕ್ಕೆ ನೇರ ಉತ್ತರ ಕೊಡುತ್ತದೆ. ಪುಟ್ಟ ಮಕ್ಕಳಿದ್ದ ಕಡುಬಡ ತಾಯಂದಿರಲ್ಲಿ ಕೆಲವರಿಗೆ ತಿಂಗಳಿಗೆ 1,500 ಟಾಕಾ, ಕೆಲವರಿಗೆ ಅದೇ ಬೆಲೆಯ ಅಕ್ಕಿ, ಬೇಳೆ, ಎಣ್ಣೆ, ಮತ್ತೆ ಕೆಲವರಿಗೆ ಹಣದ ಜೊತೆಗೆ ಮಗುವಿಗೆ ಏನನ್ನು ಹೇಗೆ ಉಣಿಸಬೇಕೆಂಬ ನಿರಂತರ ತಿಳಿವಳಿಕೆಯನ್ನೂ ಕೊಡಲಾಯಿತು. ಆ ಮಾತುಕತೆಗೆ ಮನೆಯ ಹಿರಿಯರನ್ನೂ ಕರೆದಿದ್ದರು. ಹಣವಷ್ಟೇ ಅಥವಾ ಆಹಾರವಷ್ಟೇ ಸಿಕ್ಕಲ್ಲಿ ಕುಂಠಿತ ಬೆಳವಣಿಗೆ ಗಮನಾರ್ಹವಾಗಿ ತಗ್ಗಲಿಲ್ಲ; ಹಣವೂ ತಿಳಿವಳಿಕೆಯೂ ಕೂಡಿದಲ್ಲಿ ಅದು 7.3 ಶೇಕಡಾ ಅಂಶದಷ್ಟು, ಅಂದರೆ ನೂರು ಮಕ್ಕಳಲ್ಲಿ ಸುಮಾರು ಏಳು ಮಂದಿಯಷ್ಟು, ಇಳಿಯಿತು.

ಆದ್ದರಿಂದ ತಿಳಿಸಾರಿನ ಬದಲು ಗಟ್ಟಿ ಬೇಳೆಯನ್ನು ಅನ್ನಕ್ಕೆ ಕಲಸಿ, ಒಂದು ಚಮಚ ತುಪ್ಪವನ್ನೋ ಎಣ್ಣೆಯನ್ನೋ ಬೆರೆಸಿ ಕೊಡಿ. ತಿನ್ನುವ ಮನೆಯವರಾದರೆ ಮೊಟ್ಟೆ ಕೊಡಿ, ಸೊಪ್ಪನ್ನೂ ಮರೆಯಬೇಡಿ. ಅಂಗನವಾಡಿಯ ಪುಷ್ಟಿ ಪುಡಿ ಆ ಮಗುವಿನ ಪಾಲು. ಅದನ್ನು ಮನೆಮಂದಿಯೆಲ್ಲ ಹಂಚಿಕೊಳ್ಳಬಾರದು. ಪದೇ ಪದೇ ಭೇದಿಯಾಗುತ್ತಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ರಕ್ತಹೀನತೆಯ ಪರೀಕ್ಷೆಯನ್ನೂ ಮಾಡಿಸಿ.

ಇನ್ನೊಬ್ಬರ ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯ. ಹಾಗಾದರೆ ಹಣ ಕೊಡುವುದು ವ್ಯರ್ಥವೇ, ಸರ್?

ಉತ್ತರ: ಖಂಡಿತ ಅಲ್ಲ. ಕೈಯಲ್ಲಿ ಕಾಸಿಲ್ಲದ ತಾಯಿಗೆ ಮೊಟ್ಟೆ ಕೊಡಿರೆಂದು ಉಪದೇಶಿಸುವುದು ಅನ್ಯಾಯವೇ ಸರಿ. ಆದರೆ ಎತ್ತರವೊಂದನ್ನೇ ಅಳೆಯುತ್ತ ಕೂರಬಾರದು. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ 1986–87ರಲ್ಲಿ ಕುಂಠಿತ ಬೆಳವಣಿಗೆಯ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ವಾರವಾರವೂ ಹೋಗಿ, ಮಗುವಿನೊಡನೆ ಆಡುವುದನ್ನೂ ಮಾತಾಡುವುದನ್ನೂ ತಾಯಂದಿರಿಗೆ ಕಲಿಸಿದರು. ಆ ಮಕ್ಕಳು 22ರ ವಯಸ್ಸಿಗೆ ಬಂದಾಗ, ಅಂಥ ಭೇಟಿ ದೊರೆಯದ ಕುಂಠಿತ ಮಕ್ಕಳಿಗಿಂತ ಶೇ. 25ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು. ನಮ್ಮ ಕಾರ್ಯಕರ್ತೆಯರ ಹೊತ್ತೆಲ್ಲ ಸಮೀಕ್ಷೆ, ದಾಖಲಾತಿಗಳಲ್ಲೇ ಕಳೆದುಹೋಗದಂತೆ ನೋಡಿಕೊಂಡು, ಎರಡು ವರ್ಷದೊಳಗಿನ ಮಕ್ಕಳ ಮನೆಭೇಟಿಗೆ ಸಮಯ ಉಳಿಸಿಕೊಡುವ ವಿಷಯವನ್ನು ದಯವಿಟ್ಟು ನಿಮ್ಮ ಮುಂದಿನ ಪಂಚಾಯಿತಿ ಸಭೆಯಲ್ಲಿ ಎತ್ತಿ.