ಬಲಗಡೆಗೆ ಉಲ್ಟಾ ಥ್ರೆಡ್

ಜುಲೈ ತಿಂಗಳ ಮಳೆ ಹಿಡಿಯಿತೆಂದರೆ ಗೋಣಿಕೊಪ್ಪಲಿನಲ್ಲಿ ನಮ್ಮಂಥವರಿಗೆ ಕೆಲಸ ಕಡಿಮೆ, ಮಾತು ಜಾಸ್ತಿ. ಸೇರುವುದು ರಫೀಕನ ಶೆಡ್ಡಿನಲ್ಲಿ. ಅಲ್ಲಿ ಕಳೆ ಹೊಡೆಯುವ ಮೆಷಿನ್, ಸ್ಪ್ರೇಯರ್, ಪಂಪ್‌ಸೆಟ್ ಎಲ್ಲ ರಿಪೇರಿಗೆ ಬರುತ್ತವೆ. ಅವತ್ತು ಚಂಗಪ್ಪ ತನ್ನ ಟ್ರಯಲ್ಸ್ ಸೈಕಲ್ ಹೊತ್ತುಕೊಂಡು ಬಂದ. ಹೊತ್ತುಕೊಂಡೇ ಬಂದ. ಆ ಸೈಕಲ್ ಮೇಲೆ ಅವನು ಕೂತದ್ದನ್ನು ನಾವ್ಯಾರೂ ನೋಡಿಲ್ಲ, ಯಾಕೆಂದರೆ ಅದಕ್ಕೆ ಸೀಟೇ ಇಲ್ಲ.

“ಸೀಟು ಕಳ್ಳತನ ಆಯ್ತಾ?” ಅಂದರು ಬೋಪಯ್ಯ ಮಾವ. ಮಾವ ಮಿಲಿಟರಿಯಿಂದ ಬಂದವರು. ಏನಾದರೂ ಕಾಣೆಯಾಗಿದ್ದರೆ ಮೊದಲು ಕಳ್ಳನನ್ನೇ ಹುಡುಕುತ್ತಾರೆ.

“ಇದಕ್ಕೆ ಸೀಟು ಇರಲ್ಲ ಮಾವ. ನಿಂತೇ ಓಡಿಸೋದು. ಬಂಡೆ ಮೇಲೆ, ಗೋಡೆ ಮೇಲೆ ಹಾರ್ತೀವಿ. ಹಳೇ ಲೆಕ್ಕದಲ್ಲಿ ಕಾಲು ನೆಲಕ್ಕೆ ಊರಿದ್ರೆ ಒಂದು ಪಾಯಿಂಟ್, ಒಂದು ಸೆಕ್ಷನ್‌ಗೆ, ಅಂದ್ರೆ ಅಡೆತಡೆ ಇರೋ ಒಂದು ತುಂಡು ದಾರಿಗೆ, ಜಾಸ್ತಿ ಅಂದ್ರೆ ಐದು. ಯಾರಿಗೆ ಕಡಿಮೆ ಪಾಯಿಂಟೋ ಅವನು ಗೆದ್ದ.”

“ಪಾಯಿಂಟ್ ಕಡಿಮೆ ಇದ್ದವನು ಗೆಲ್ಲೋ ಆಟವಾ?” ಮಾವನಿಗೆ ಇದು ಸರಿಬರಲಿಲ್ಲ. ಅವರ ಮಟ್ಟಿಗೆ ಆಟ ಅಂದರೆ ಹಾಕಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಿಂದ ಮುಂದಕ್ಕೆ ಅವರು ಬೇರೆ ಆಟವನ್ನು ಲೆಕ್ಕಕ್ಕೇ ಇಟ್ಟಿಲ್ಲ.

ಸಮಸ್ಯೆ ಏನೆಂದರೆ ಸೈಕಲ್ ಕಿರುಗುಟ್ಟುತ್ತಿತ್ತು. ಒಂದೊಂದು ಒದೆತಕ್ಕೂ ಕಿರ್‍ರ್ ಅನ್ನುತ್ತಿತ್ತು. ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ಕೈ, ಹಿಡಿದು ಅಲುಗಾಡಿಸಿದರೆ ಬಾಟಮ್ ಬ್ರಾಕೆಟ್ಟೇ, ಅಂದರೆ ಫ್ರೇಮಿನ ಕೊಳವೆಯೊಳಗೆ ಕೂರುವ ಆಕ್ಸಲ್, ಬೇರಿಂಗ್ ಜೋಡಣೆಯೇ, ಟಕಟಕ ಅಲುಗುತ್ತಿತ್ತು. ಚಂಗಪ್ಪ ಹೊಸ ಕ್ರ್ಯಾಂಕ್ ಜೋಡಿ, ಹೊಸ ಬಾಟಮ್ ಬ್ರಾಕೆಟ್ ತರಿಸಿದ್ದ. ಡಬ್ಬ ಬಿಚ್ಚಿ ಬೆಂಚಿನ ಮೇಲೆ ಇಟ್ಟ. ಮಾವ ಆ ಆಕ್ಸಲ್ ಎತ್ತಿ ನೋಡಿದರು. ತುದಿಯಲ್ಲಿ ಸುತ್ತ ಹತ್ತು ಹಲ್ಲು.

“ಕಾಟರ್ ಪಿನ್ ಎಲ್ಲಿ?”

“ಅದು ನಿಮ್ಮ ಕಾಲದ ಸೈಕಲ್‌ಗೆ ಮಾವ. ಸುತ್ತಿಗೆ ಹಿಡಿದು ಕುಟ್ಟೋದು. ಆಮೇಲೆ ಚೌಕ ಆಕ್ಸಲ್ ಬಂತು. ಇದು ಐಸಿಸ್ ಅನ್ನೋ ಅಳತೆ. ಶಿಮಾನೊ ಕಂಪನಿ ತನ್ನದೇ ಹಲ್ಲಿನ ಆಕ್ಸಲ್ ತಂದು ಪೇಟೆಂಟ್ ಇಟ್ಕೊಂಡಾಗ ಕ್ರಿಸ್ ಕಿಂಗ್, ರೇಸ್ ಫೇಸ್, ಟ್ರುವೇಟಿವ್ ಕಂಪನಿಯವರು ಸೇರಿ, ಯಾರು ಬೇಕಾದ್ರೂ ಮಾಡ್ಕೊಳ್ಳಿ ಅಂತ ಇದನ್ನ ಬಿಟ್ರು.”

“ಆಕ್ಸಲ್ ದಪ್ಪ ಇದೆ. ಗಟ್ಟಿ ಮಾಲು,” ಅಂದ ರಫೀಕ್. ಆಮೇಲೆ ಬೇರಿಂಗ್ ನೋಡಿ ಮುಖ ಹಿಂಡಿದ. “ಬೇರಿಂಗ್ ಯಾಕೆ ಇಷ್ಟು ಸಣ್ಣ?”

ಅಲ್ಲಿದೆ ಮರ್ಮ. ಫ್ರೇಮಿನ ಕೊಳವೆ ಹಳೇ ಅಳತೆಯದೇ. ಒಳಗೆ ಆಕ್ಸಲ್ ದಪ್ಪ ಮಾಡಿದರೆ ಬೇರಿಂಗಿಗೆ ಉಳಿಯುವ ಜಾಗ ಕಮ್ಮಿ. ಗೋಲಿಗಳು ಸಣ್ಣಗಾಗುತ್ತವೆ, ಬೇಗ ಸವೆಯುತ್ತವೆ. ಅದರ ಮೇಲೆ ಕೊಡಗಿನ ಮಳೆ, ಕೆಂಪು ಕೆಸರು. ಕಾಫಿ ತೋಟದ ಬಂಡೆ ಮೇಲೆ ಇಡೀ ಮೈಭಾರ ಒಂದೇ ಏಟಿಗೆ ಪೆಡಲ್ ಮೇಲೆ ಬಿದ್ದರೆ ಪಾಪ ಆ ಗೋಲಿಗಳಾದರೂ ಏನು ಮಾಡಾವು?

ಹಳೆ ಕ್ರ್ಯಾಂಕ್ ಬಿಚ್ಚಲು ರಫೀಕ್ ತನ್ನ ಎಕ್ಸ್‌ಟ್ರಾಕ್ಟರ್ ತಂದ. ಅದು ಚೌಕ ಆಕ್ಸಲ್‌ನದು. ಬೋಲ್ಟ್ ಬಿಚ್ಚಿ ಎಕ್ಸ್‌ಟ್ರಾಕ್ಟರ್ ಹಾಕಿದರೆ ಅದರ ತುದಿ ಆಕ್ಸಲ್‌ನ ತೂತಿನೊಳಗೇ ಇಳಿದು ಹೋಯಿತು. ಎಷ್ಟು ತಿರುಗಿಸಿದರೂ ಕ್ರ್ಯಾಂಕ್ ಕದಲಲಿಲ್ಲ.

“ಒಂದು ರೂಪಾಯಿ ನಾಣ್ಯ ಅಡ್ಡ ಇಡೋಣ,” ಅಂದರು ಮಾವ. ಜೇಬಿಗೆ ಕೈ ಹಾಕಿ, ಸ್ವಲ್ಪ ಯೋಚಿಸಿ, ಬರಿಗೈ ತೆಗೆದರು. ಅಷ್ಟರಲ್ಲಿ ಚಂಗಪ್ಪ ಬ್ಯಾಗಿನಿಂದ ಅಗಲ ತುದಿಯ ಸರಿಯಾದ ಎಕ್ಸ್‌ಟ್ರಾಕ್ಟರ್ ತೆಗೆದ. ಪೂರ್ತಿ ಒಳಗೆ ಹೋಗುವವರೆಗೆ ಕೈಯಲ್ಲೇ ತಿರುಗಿಸಬೇಕು. ಅರ್ಧಕ್ಕೇ ಬಿಟ್ಟು ಜೋರು ಕೊಟ್ಟರೆ ಕ್ರ್ಯಾಂಕಿನ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತು ಕೈಗೆ ಬರುತ್ತದೆ. ಎರಡು ಕ್ರ್ಯಾಂಕೂ ಟಪ್ ಅಂತ ಕಳಚಿದವು.

ಹೊಸ ಬಲ ಕ್ರ್ಯಾಂಕಿಗೆ ಹಳೇ ಫ್ರೀವೀಲೇ (ಪೆಡಲ್ ನಿಂತರೂ ಚಕ್ರ ತಿರುಗಲು ಬಿಡುವ ಹಲ್ಲಿನ ಗಾಲಿ) ಬೇಕಿತ್ತು. ಟ್ರಯಲ್ಸ್ ಸೈಕಲ್‌ನಲ್ಲಿ ಫ್ರೀವೀಲ್ ಹಿಂದಿನ ಚಕ್ರದಲ್ಲಲ್ಲ, ಮುಂದೆ ಕ್ರ್ಯಾಂಕಿನಲ್ಲಿ ಇರುತ್ತದೆ. ಹಾಗಾಗಿ ಪೆಡಲ್ ನಿಂತರೂ ಚಕ್ರದ ಜೊತೆ ಚೈನ್ ಓಡುತ್ತಲೇ ಇರುತ್ತದೆ. ಮಾವ ಹಿಂದೊಮ್ಮೆ ಅದನ್ನು ನೋಡಿ ಸೈಕಲ್‌ಗೆ ಮೋಟಾರ್ ಇದೆ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದರು. ಆ ಫ್ರೀವೀಲ್ ಥ್ರೆಡ್ ಮೇಲೆ ಕೂತಿರುತ್ತದೆ. ಒಂದೊಂದು ಒದೆತಕ್ಕೂ ಇನ್ನಷ್ಟು ಬಿಗಿಯಾಗುತ್ತದೆ. ಚಂಗಪ್ಪನ ಒದೆತ ಗೊತ್ತಲ್ಲ, ಹೈಸ್ಕೂಲಿನಲ್ಲಿ ಅವನು ಫುಲ್‌ಬ್ಯಾಕ್. ಬಿಚ್ಚುವ ಟೂಲನ್ನು ವೈಸಿಗೆ ಕಚ್ಚಿಸಿ, ಕ್ರ್ಯಾಂಕಿನ ಕೈಗೆ ಪೈಪ್ ಸಿಕ್ಕಿಸಿ ಮೂವರು ಜೋತುಬಿದ್ದೆವು. ಬೆಂಚೇ ಎದ್ದು ಬಂತು. ಮಾವ ಹೋಗಿ ಬೆಂಚಿನ ಮೇಲೆ ಕೂತರು. ಆಗ ಕಡಕ್ ಅಂತ ಬಿಟ್ಟಿತು.

“ನೋಡಿ, ಬಿಚ್ಚಿದ್ದು ನಾನು,” ಅಂದರು ಮಾವ.

ಇಲ್ಲಿವರೆಗೆ ಶಾಂತಿ ಇತ್ತು. ಜಗಳ ಶುರುವಾದದ್ದು ಬಾಟಮ್ ಬ್ರಾಕೆಟ್ಟಿನ ಬಲಗಡೆ ಕಪ್, ಅಂದರೆ ಬೇರಿಂಗ್ ಹಿಡಿದಿಡುವ ಥ್ರೆಡ್ ಇರುವ ಬಳೆ, ಬಿಚ್ಚುವಾಗ.

ರಫೀಕ್ ಪಾನಾ ಹಾಕಿ ಎಡಕ್ಕೆ ತಿರುಗಿಸತೊಡಗಿದ. ಲೋಕದಲ್ಲಿ ಎಲ್ಲವೂ ಎಡಕ್ಕೆ ತಿರುಗಿಸಿದರೆ ತಾನೇ ಬಿಚ್ಚೋದು?

“ರಫೀಕಣ್ಣ, ನಿಲ್ಲಿಸಿ! ಅದು ಉಲ್ಟಾ ಥ್ರೆಡ್! ನೀವು ಬಿಗಿ ಮಾಡ್ತಾ ಇದ್ದೀರಿ!”

“ಉಲ್ಟಾ ಥ್ರೆಡ್ ನನಗೆ ಹೇಳಿ ಕೊಡ್ತೀಯಾ? ದಿನಾ ಕಳೆ ಮೆಷಿನ್ ಬ್ಲೇಡಿನ ನಟ್ ಬಿಚ್ಚೋನು ನಾನು. ಅದೂ ಉಲ್ಟಾನೇ. ಟೇಬಲ್ ಫ್ಯಾನ್ ರೆಕ್ಕೆ ಹಿಡಿಯೋ ಬಿರಡೆನೂ ಉಲ್ಟಾನೇ. ಆದ್ರೆ ಸೈಕಲ್‌ನಲ್ಲಿ ಉಲ್ಟಾ ಇರೋದು ಎಡಗಡೆ. ಎಡ ಪೆಡಲ್ ನೋಡು.”

“ಪೆಡಲ್‌ನಲ್ಲಿ ಎಡಗಡೆದು ಉಲ್ಟಾ. ಬಾಟಮ್ ಬ್ರಾಕೆಟ್ಟಲ್ಲಿ ಬಲಗಡೆದು ಉಲ್ಟಾ.”

ಶೆಡ್ಡಿನಲ್ಲಿ ಒಂದು ಗಳಿಗೆ ಮಳೆ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ.

“ಇದನ್ನ ಮಾಡಿದವನು ಕುಡಿದಿದ್ನಾ?” ಅಂದರು ಮಾವ. “ಹಾಕಿಯಲ್ಲಿ ಈ ತಾಪತ್ರಯ ಇಲ್ಲ. ಎಡಗೈ ಸ್ಟಿಕ್ಕೇ ಇಲ್ಲ. ಎಡಚನೂ ಅದೇ ಸ್ಟಿಕ್ಕಲ್ಲಿ ಆಡ್ಬೇಕು.”

ಅಷ್ಟರಲ್ಲಿ ಮೇಷ್ಟ್ರು ಕೊಡೆ ಮಡಚಿ ಒಳಗೆ ಬಂದರು. ರಿಟೈರ್ ಆದ ವಿಜ್ಞಾನದ ಮೇಷ್ಟ್ರು. ಪ್ರಶ್ನೆ ಕೇಳಿದವರು ಸಿಕ್ಕರೆ ಅವರಿಗೆ ಊಟವೂ ಬೇಡ. ಬೆಂಚಿನ ಮೇಲಿದ್ದ ಇನ್ಸುಲೇಷನ್ ಟೇಪಿನ ಸುರುಳಿ ಎತ್ತಿಕೊಂಡು ಅದರ ತೂತಿನೊಳಗೆ ಪೆನ್ಸಿಲ್ ಇಟ್ಟರು. ಪೆನ್ಸಿಲನ್ನು ಒಳಗಿನ ಅಂಚಿಗೆ ಒತ್ತಿ ಬಲಕ್ಕೆ ಸುತ್ತು ಹೊಡೆಸಿದರು.

“ನೋಡಿ. ಸುತ್ತು ಬಲಕ್ಕೆ. ಆದರೆ ಪೆನ್ಸಿಲ್ ತಾನು ಎಡಕ್ಕೆ ಹೊರಳ್ತಾ ಇದೆ. ಥ್ರೆಡ್ಡೊಳಗೂ ಕೂದಲೆಳೆಯಷ್ಟು ಸಡಿಲ ಇದ್ದೇ ಇರುತ್ತೆ. ಭಾರ ಸುತ್ತ ತಿರುಗುತ್ತಾ ಒತ್ತಿದರೆ ಒಳಗಿನ ಕಪ್ ನಿಧಾನಕ್ಕೆ ಹಿಂದಕ್ಕೆ ಹೊರಳುತ್ತೆ. ಬಲಗಡೆ ಮಾಮೂಲಿ ಥ್ರೆಡ್ ಇಟ್ಟರೆ ದಾರಿಯಲ್ಲೇ ಬಿಚ್ಚಿಕೊಳ್ಳುತ್ತೆ. ಅದಕ್ಕೇ ಉಲ್ಟಾ. ಇಂಗ್ಲಿಷ್ ಅಳತೆಯ ಫ್ರೇಮಲ್ಲಿ ಹೀಗೆ. ಇಟಲಿಯವರು ಎರಡೂ ಕಡೆ ಮಾಮೂಲಿ ಥ್ರೆಡ್ಡೇ ಇಡ್ತಾರೆ.”

“ಅವರದು ಬಿಚ್ಚಿಕೊಳ್ಳಲ್ವಾ?”

“ಸರಿಯಾಗಿ ಬಿಗಿ ಮಾಡದಿದ್ರೆ ಬಿಚ್ಚಿಕೊಳ್ಳುತ್ತೆ. ಅದಕ್ಕೇ ಅವರು ಜೋರಾಗಿ ಬಿಗಿ ಮಾಡ್ತಾರೆ.”

“ಆದ್ರೆ ಮೇಷ್ಟ್ರೇ,” ಅಂದ ರಫೀಕ್, “ಇವನು ಪೆಡಲ್ ಸುತ್ತು ಹೊಡೆಸೋದು ಎಲ್ಲಿ? ನಿಂತಲ್ಲೇ ಒಂದು ಒದೆತ, ಬಂಡೆ ಮೇಲೆ ಹಾರೋದು. ಪೆನ್ಸಿಲ್ ಹೊರಳೋಕೆ ಪುರುಸೊತ್ತೇ ಇಲ್ಲ.”

ಮೇಷ್ಟ್ರು ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು. ಒಳ್ಳೆ ಪ್ರಶ್ನೆ ಕೇಳಿದ ಹುಡುಗನನ್ನು ಅವರು ಕ್ಲಾಸಿನಲ್ಲೂ ಹೀಗೇ ನೋಡುತ್ತಿದ್ದರು, ಹೊರಗೆ ಕಳಿಸುವ ಮೊದಲು.

ಬಲಕ್ಕೆ ತಿರುಗಿಸಿದಾಗ ಕಪ್ ಬಂತು. ಜೊತೆಗೆ ಅರ್ಧ ಲೋಟ ಕೆಂಪು ನೀರೂ ಬಂತು. ಸೀಟಿನ ಕೊಳವೆಯಿಂದ ಇಳಿದ ಮಳೆ ನೀರೆಲ್ಲ ಅಲ್ಲೇ ನಿಂತಿತ್ತು. ಒಳಗೆಲ್ಲ ಒರೆಸಿ, ಥ್ರೆಡ್ಡಿಗೆ ದಂಡಿಯಾಗಿ ಗ್ರೀಸ್ ಮೆತ್ತಿದೆವು. ಇದರಲ್ಲಿ ಜಿಪುಣತನ ಮಾಡಬಾರದು. ಒಣಗಿದ ಥ್ರೆಡ್ಡಿಗೆ ಕಪ್ ಹಾಕಿದರೆ ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಅದು ಫ್ರೇಮಿಗೇ ಕಚ್ಚಿಕೊಳ್ಳುತ್ತದೆ. ಆಮೇಲೆ ಪೈಪ್ ಅಲ್ಲ, ಆನೆ ತಂದರೂ ಬರುವುದಿಲ್ಲ. ಹೊಸ ಕಪ್ ಮೊದಲ ಕೆಲವು ಸುತ್ತು ಕೈಯಲ್ಲೇ ಹೋಗಬೇಕು. ಕೈಗೆ ಬಗ್ಗದಿದ್ದರೆ ಓರೆ ಕೂತಿದೆ ಅಂತ ಅರ್ಥ. ನಮ್ಮದು ಬೆಣ್ಣೆಯಂತೆ ಹೋಯಿತು.

ಚಂಗಪ್ಪ ಬಿಗಿ ನೋಡಲು ಟಾರ್ಕ್ ವ್ರೆಂಚ್ ತಂದಿದ್ದ. ಕ್ರ್ಯಾಂಕ್ ಬೋಲ್ಟಿಗೆ ನಲವತ್ತು ನ್ಯೂಟನ್ ಮೀಟರ್ ಅಂದ. “ನನ್ನ ಕೈಯೇ ಟಾರ್ಕ್ ವ್ರೆಂಚ್,” ಅಂದ ರಫೀಕ್. ಇಬ್ಬರ ಮಾನವೂ ಉಳಿಯಲಿ ಅಂತ ಬಲಗಡೆ ಕ್ರ್ಯಾಂಕನ್ನು ವ್ರೆಂಚಿಗೂ ಎಡಗಡೆದನ್ನು ರಫೀಕನಿಗೂ ಕೊಟ್ಟೆವು.

ಎಡ ಕ್ರ್ಯಾಂಕ್ ಹಾಕಿ ಬಿಗಿ ಮಾಡಿ ರಫೀಕ್ ಹೆಮ್ಮೆಯಿಂದ ಹಿಂದೆ ಸರಿದ. ನೋಡಿದರೆ ಎರಡು ಕ್ರ್ಯಾಂಕೂ ಒಂದೇ ಗೆರೆಯಲ್ಲಿ ಇಲ್ಲ. ಒಂದು ಮಡಿಕೇರಿ ಕಡೆ, ಇನ್ನೊಂದು ವಿರಾಜಪೇಟೆ ಕಡೆ.

“ಒಂದು ಹಲ್ಲು ತಪ್ಪಿದೆ,” ಅಂದರು ಮೇಷ್ಟ್ರು. “ಹತ್ತು ಹಲ್ಲು. ಮುನ್ನೂರ ಅರವತ್ತನ್ನು ಹತ್ತರಿಂದ ಭಾಗಿಸು. ಮೂವತ್ತಾರು ಡಿಗ್ರಿ.”

“ಭಾಗಾಕಾರ ಬೇಡ ಮೇಷ್ಟ್ರೇ, ಮತ್ತೆ ಬಿಚ್ಚಬೇಕು ಅಷ್ಟೇ ತಾನೇ,” ಅಂದ ರಫೀಕ್.

“ಹೀಗೇ ಇರಲಿ ಬಿಡಪ್ಪ,” ಅಂದರು ಮಾವ. “ಇಳಿಜಾರಿನ ತೋಟದಲ್ಲಿ ಓಡಿಸ್ತಾನೆ. ಅಲ್ಲಿ ಒಂದು ಕಾಲು ಯಾವಾಗ್ಲೂ ಮೇಲೇ ಇರುತ್ತೆ.”

ಮತ್ತೆ ಬಿಚ್ಚಿದೆವು, ಮತ್ತೆ ಹಾಕಿದೆವು. ಮಳೆ ಸ್ವಲ್ಪ ಬಿಟ್ಟಾಗ ಚಂಗಪ್ಪ ಹಿಂದಿನ ಕಾಫಿ ಕಣಕ್ಕೆ ಹೋಗಿ ಕಟ್ಟೆ ಮೇಲೆ ಹಾರಿದ. ಹಿಂದಿನ ಚಕ್ರದಲ್ಲಿ ನಿಂತ, ಕುಪ್ಪಳಿಸಿದ, ಇಳಿದ. ಕಿರ್‍ರ್ ಇಲ್ಲ.

“ಇನ್ನು ನಾಲ್ಕು ದಿನ ಓಡಿಸಿ ಕ್ರ್ಯಾಂಕ್ ಬೋಲ್ಟ್ ಇನ್ನೊಂದ್ಸಲ ಬಿಗಿ ಮಾಡ್ಬೇಕು,” ಅಂದ ಚಂಗಪ್ಪ. “ಹೊಸದು ಕೂತ ಮೇಲೆ ಸ್ವಲ್ಪ ಸಡಿಲ ಆಗುತ್ತೆ.”

“ನಾಲ್ಕು ದಿನ ಯಾಕೆ, ಈಗ್ಲೇ ಕೊಡ್ತೀನಿ,” ಅಂತ ರಫೀಕ್ ಬಲಗಡೆ ಬೋಲ್ಟಿಗೆ ಕೀ ಹಾಕಿ, ಹೊಸದಾಗಿ ಕಲಿತ ವಿದ್ಯೆ ಮರೆಯಬಾರದಲ್ಲ, ಎಡಕ್ಕೆ ಒಂದು ಸುತ್ತು ಕೊಟ್ಟ.

“ರಫೀಕಣ್ಣ, ಬೋಲ್ಟ್ ಎರಡೂ ಕಡೆ ಮಾಮೂಲಿ ಥ್ರೆಡ್ಡೇ! ಬಿಚ್ಚಿ ಹೋಯ್ತು!”

ರಫೀಕ್ ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ಕೆಂಪು ಪೇಂಟಿನ ಡಬ್ಬ, ಬ್ರಷ್ ತಂದ. ಚಂಗಪ್ಪ ಬೇಡ ಬೇಡ ಅನ್ನುತ್ತಿದ್ದರೂ ಫ್ರೇಮಿನ ಮೇಲೆ, ಬಾಟಮ್ ಬ್ರಾಕೆಟ್ಟಿನ ಪಕ್ಕದಲ್ಲೇ, ದಪ್ಪಗೆ ಒಂದು ಬಾಣದ ಗುರುತು ಎಳೆದ. ಇನ್ನು ಯಾರೂ ತಪ್ಪಬಾರದು ಅಂತ.

ಬೋಪಯ್ಯ ಮಾವ ಬಗ್ಗಿ, ಕನ್ನಡಕ ಏರಿಸಿ, ಬಾಣವನ್ನು ತುಂಬ ಹೊತ್ತು ನೋಡಿದರು.

“ಎಲ್ಲ ಸರಿ ರಫೀಕ್. ಇದು ಬಿಗಿ ಮಾಡೋ ಬಾಣವಾ, ಬಿಚ್ಚೋ ಬಾಣವಾ?”